ಗಿಟಾರಕ್ಕ ಮೈಕ್ ಯಾಕ ಬೇಕು?

ಮೊನ್ನೆ ಕಲಘಟಗಿ ಕಡೆಯ ಇಬ್ಬರು ಹುಡುಗರು ನನ್ನನ್ನು ಹುಡುಕಿಕೊಂಡು ನವಲಗುಂದಕ್ಕೆ ಬಂದಿದ್ದರು. ಇಬ್ಬರ ಬೆನ್ನ ಮೇಲೂ ಒಂದೊಂದು ಗಿಟಾರು. ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾ ಒಂದನ್ನು ಹೊಸದಾಗಿ ಸೇರಿದ್ದಾರಂತೆ. "ಬೆರಳಿಲೆ ಬಾರಸೂದು ಎಷ್ಟ ದಿವಸದಾಗ ಬರ್ತೈತ್ರಿ ಕಾಕಾ?" ಎಂದು ಕೇಳಿದರು. ಬರುತ್ತದೆ, ಕೂತು ಕೈ ನೋಯಿಸಿಕೊಂಡರೆ ಯಾರಿಗಾದರೂ ಬರುತ್ತದೆ, ಆದರೆ ಬಂದ ಮೇಲೆ ಅದನ್ನು ಕೇಳುವವರನ್ನು ಎಲ್ಲಿಂದ ಹಿಡಿದು ತರುತ್ತೀರಿ ಎಂದು ನಾನು ತಿರುಗಿ ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಚಹಾ ಕುಡಿದು ಹೋದರು. ಅವರು ಹೋದ ಮೇಲೆ ನನಗೇ ಕೆಡುಕೆನಿಸಿತು. ಎದುರಿಗೆ ಹೇಳಲು ಹೋದರೆ ಸಿಟ್ಟೇ ಮೊದಲು ಬರುತ್ತದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ದಾವಲಸಾಬ. ಎಂಬತ್ತರ ದಶಕದಲ್ಲಿ ಈ ಸುತ್ತಿನ ಮದುವೆ ಮಂಟಪಗಳಲ್ಲಿ ಗಿಟಾರು ನುಡಿಸಿದವನು. ಆಮೇಲೆ ಮಕ್ಕಳಿಗೆ ಕಲಿಸಿದೆ. ಈಗ ಬೆರಳ ಗೆಣ್ಣುಗಳು ಬಾತಿವೆ, ಎಲ್ಲ ಬಿಟ್ಟಿದ್ದೇನೆ. ನಮ್ಮದು ಜಮಖಾನೆ ನೇಯುವ ಮನೆ. "ಅದಕ್ಕೇ ನಿನ್ನ ಬೆರಳು ಅಷ್ಟು ಚುರುಕು" ಎಂದು ಎಷ್ಟು ಜನ ಹೇಳಿದ್ದಾರೋ. ಶುದ್ಧ ಸುಳ್ಳು. ಮಗ್ಗದ ಮುಂದೆ ಕೂರುತ್ತಿದ್ದವರು ಅವ್ವ, ಅಕ್ಕಂದಿರು. ನಾನು ಒಂದು ಎಳೆ ನೂಲನ್ನೂ ನೆಟ್ಟಗೆ ಹಾಯಿಸಿದವನಲ್ಲ. ಮನೆಯಲ್ಲಿ ಯಾವ ಕೆಲಸಕ್ಕೂ ಬಾರದವನೆಂದೇ ಅಣ್ಣಿಗೇರಿಗೆ, ಸೋದರಮಾವನ ಹೊಲಿಗೆ ಅಂಗಡಿಗೆ ಕಳಿಸಿದ್ದರು.

ಅಲ್ಲಿ ಗುಂಡಿ ಹಚ್ಚುತ್ತ ಕೂತಿದ್ದಾಗ ಪರೇರಾ ಸರ್ ಪರಿಚಯವಾಯಿತು. ಗೋವಾ ಕಡೆಯವರು, ಅಣ್ಣಿಗೇರಿ ರೈಲ್ವೆ ಸ್ಟೇಶನ್ನಿನಲ್ಲಿ ಕೆಲಸ. ಪ್ಯಾಂಟು ಸಡಿಲ ಮಾಡಿಸಲು ಬರುತ್ತಿದ್ದರು. ಭಾನುವಾರ ಮಧ್ಯಾಹ್ನ ಅವರ ಕ್ವಾರ್ಟರ್ಸಿಗೆ ಹೊಲಿದ ಬಟ್ಟೆ ಕೊಡಲು ಹೋದಾಗ ಮೊದಲ ಸಲ ಗಿಟಾರು ಕೇಳಿದೆ. ಒಬ್ಬನೇ ಮನುಷ್ಯ ಕೂತಿದ್ದಾನೆ, ಇಬ್ಬರು ನುಡಿಸಿದಂತೆ ಕೇಳುತ್ತಿದೆ. ಕೆಳಗೆ ಒಂದು ಸ್ವರ ತನ್ನ ಪಾಡಿಗೆ ನಡೆಯುತ್ತಿದೆ, ಮೇಲೆ ಇನ್ನೊಂದು ಅದರ ಸುತ್ತ ಆಡುತ್ತಿದೆ. ನಾನು ಬಟ್ಟೆಯ ಗಂಟು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಆಮೇಲೆ ಭಾನುವಾರ ತಪ್ಪಿಸಲಿಲ್ಲ.

ಅವರ ಪಾಠ ಹೇಗಿತ್ತೆಂದರೆ, ತಿಂಗಳುಗಟ್ಟಲೆ ಬರೀ ಹೆಬ್ಬೆರಳು. ಮೇಲಿನ ಮೂರು ದಪ್ಪ ತಂತಿಗಳು ಹೆಬ್ಬೆರಳಿನ ಪಾಲು, ಕೆಳಗಿನ ಮೂರು ಸಣ್ಣ ತಂತಿಗಳು ಮುಂದಿನ ಮೂರು ಬೆರಳುಗಳ ಪಾಲು. ಕಿರುಬೆರಳಿಗೆ ಕೆಲಸವಿಲ್ಲ. "ಅಂಗೂಠಾ ನಿಂದು ಅಲ್ಲ, ಅದು ಬೇರೆ ಆದ್ಮಿ ಅಂತ ತಿಳಕೋ. ಉಳಿದವರು ಏನ್ ಮಾಡ್ತಾರ ಅದು ನೋಡಬಾರದು" ಎನ್ನುತ್ತಿದ್ದರು. ಎಲ್ಲ ತಂತಿಗಳ ಮೇಲೂ ಒಟ್ಟಿಗೆ ಕೈ ಬೀಸಿ ತಾಳ ಕೊಡುವುದಕ್ಕೆ, ಈಗ ನೀವೆಲ್ಲ ಸ್ಟ್ರಮ್ಮಿಂಗ್ ಎನ್ನುತ್ತೀರಲ್ಲ ಅದಕ್ಕೆ, ಇನ್ನೊಂದು ಶಿಕ್ಷೆ. ತೋಳಿಗೂ ಗಿಟಾರಿನ ಮೈಗೂ ನಡುವೆ ಒಂದು ಕಡ್ಡಿಪೆಟ್ಟಿಗೆ ಇಡುತ್ತಿದ್ದರು. ಅದು ಬಿದ್ದರೆ ನಾನು ರಟ್ಟೆಯಿಂದ ಹೊಡೆಯುತ್ತಿದ್ದೇನೆ, ಮುಂಗೈಯಿಂದಲ್ಲ ಎಂದರ್ಥ. ನಾನು ಬಗ್ಗಿ ಕಡ್ಡಿಪೆಟ್ಟಿಗೆ ಆರಿಸಿದ್ದೇ ಆರಿಸಿದ್ದು. ವಾರವಿಡೀ ಅಂಗಡಿಯ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದೆ. "ಲೇ, ಮೇಜ ಬಡೀಬ್ಯಾಡ. ಗಿರಾಕಿ ಓಡಿ ಹೊಕ್ಕಾರ" ಎಂದು ಮಾವ ಇಂಚುಪಟ್ಟಿಯಿಂದ ಹೊಡೆಯುತ್ತಿದ್ದ. ಮೀಟುವ ಬಲಗೈ ಉಗುರು ಉದ್ದ, ತಂತಿ ಒತ್ತುವ ಎಡಗೈ ಉಗುರು ಮೊಂಡ. ಅದನ್ನು ನೋಡಿ ನಗದ ಗಿರಾಕಿಯಿಲ್ಲ. ಕೊನೆಗೂ ಕೈ ಕುದುರಿದ ಹೊತ್ತಿಗೆ ಪರೇರಾ ಸರ್‌ಗೆ ಬೇರೆ ಊರಿಗೆ ಬದಲಿಯಾಯಿತು. ಹಳೆಯ ಗಿಟಾರನ್ನು ನನಗೇ ಬಿಟ್ಟು ಹೋದರು.

ಇಷ್ಟು ಕಲಿತವನು ಎಲ್ಲಿ ಸೇರಬೇಕು? ನವಲಗುಂದದ ಚನಬಸಪ್ಪ ಸಾವುಕಾರರ ಹಾಡಿನ ಪಾರ್ಟಿಗೆ ಸೇರಿದೆ. ಅವರದು ಮಂಟಪ, ಕುರ್ಚಿ, ಪಾತ್ರೆ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ವ್ಯಾಪಾರ. ಮದುವೆಯವರು "ಹಾಡೂ ಬೇಕ್ರಿ" ಎನ್ನತೊಡಗಿದಾಗ ಪಾತ್ರೆಗಳ ಜೊತೆಗೆ ನಮ್ಮನ್ನೂ ಸೇರಿಸಿಕೊಂಡರು. ಹಾಡುವವನೊಬ್ಬ, ತಬಲಾದವನೊಬ್ಬ, ಪೇಟಿ ಅಂದರೆ ಹಾರ್ಮೋನಿಯಂ ನುಡಿಸುವ ಗುರುಪಾದಯ್ಯ ಮಾಸ್ತರು, ನಾನು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅನ್ನದ ಹಂಡೆಗಳ ಸಂದಿಯಲ್ಲಿ ಕೂತು ಹೋಗುತ್ತಿದ್ದೆವು. ಊರು ಮುಟ್ಟಿದ ಮೇಲೆ ಮೊದಲು ಹಂಡೆಗಳನ್ನು ಇಳಿಸುತ್ತಿದ್ದರು.

ಮೊದಲ ದಿನವೇ ನೋಡಿದೆ, ಮೈಕು ಮೂರೇ. ಹಾಡುವವನಿಗೆ, ಪೇಟಿಗೆ, ತಬಲಾಕ್ಕೆ.

"ಸಾವುಕಾರ್ರ, ಗಿಟಾರಕ್ಕ ಮೈಕ್?" ಎಂದೆ.

"ಗಿಟಾರಕ್ಕ ಮೈಕ್ ಯಾಕ ಬೇಕು?"

"ಮಂದಿಗೆ ಕೇಳಸಬೇಕಲ್ರಿ."

"ಮಂದಿಗೆ ಕಾಣಸ್ತೈತಲ್ಲ, ಸಾಕು. ಮುಂದ ನಿಂದರು. ನಾಳಿಂದ ಕೆಂಪ ಅಂಗಿ ಹಾಕ್ಕೊಂಡ ಬಾ."

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮಾಡುತ್ತಿರಲಿಲ್ಲ. ಪಾರ್ಟಿಯಲ್ಲಿ ಗಿಟಾರು ಇದೆ ಎಂದರೆ ಬೀಗರ ಮುಂದೆ ಒಂದು ತೂಕ, ಅಷ್ಟಕ್ಕೇ ನನ್ನನ್ನು ಇಟ್ಟುಕೊಂಡಿದ್ದರು. ಬೆರಳೆಲ್ಲ ಸೀಳಿಕೊಂಡು ಕಲಿತ ವಿದ್ಯೆ, ಮಂಟಪಕ್ಕೆ ಕಟ್ಟಿದ ಬಣ್ಣದ ಕಾಗದದ ಸಾಲಿಗೆ ಸೇರಿತು. ಅಂದಿನಿಂದ ನನಗೊಂದು ಹಟ ಹುಟ್ಟಿತು. ಗಿಟಾರಿಗೆ ಒಂದು ಮೈಕು ಬೇಕು, ಜನ ನನ್ನ ಬೆರಳು ಕೇಳಬೇಕು. ಬೇರೆ ಏನೂ ಬೇಡ.

ಅದು ಸಿಗುವವರೆಗೆ ಪಟ್ಟ ಪಾಡು ಕೇಳಿ. ಗುರುಪಾದಯ್ಯ ಮಾಸ್ತರು ಹಿಂದೆ ನಾಟಕ ಕಂಪನಿಯಲ್ಲಿದ್ದವರು. ಅವರ ಶ್ರುತಿಯೆಲ್ಲ ಪೇಟಿಯ ಪಟ್ಟಿಗಳ ಲೆಕ್ಕ. ಮೊದಲ ಕರಿ ಪಟ್ಟಿ ಎಂದರೆ "ಕಾಳಿ ಏಕ", ಎರಡನೆಯದು "ಕಾಳಿ ದೋನ". ಗಿಟಾರಿಗೆ ಈ ಎರಡೂ ಅನುಕೂಲದ ಜಾಗಗಳಲ್ಲ. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯಬೇಕು, ಊಟದ ಪಂಕ್ತಿ ಏಳುವ ಹೊತ್ತಿಗೆ ಎಡಗೈ ಜೋಮು ಹಿಡಿಯುತ್ತಿತ್ತು. ಕೊನೆಗೆ ಬೆರಳಿನ ಬದಲು ಪೆನ್ಸಿಲ್ ತುಂಡೊಂದನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಗಿಟಾರಿನ ಕುತ್ತಿಗೆಗೆ ಬಿಗಿದೆ. ಹಾಡುವವನ ಗಂಟಲು ಕೂತಿತೆಂದರೆ ಮಾಸ್ತರು ಹೇಳದೆ ಕೇಳದೆ ಬೇರೆ ಪಟ್ಟಿಗೆ ಜಿಗಿಯುತ್ತಿದ್ದರು. ನಾನು ರಬ್ಬರು ಬಿಚ್ಚಿ ಕಟ್ಟುವಷ್ಟರಲ್ಲಿ ಅರ್ಧ ಚರಣ ಮುಗಿದಿರುತ್ತಿತ್ತು. "ನಿಂದೇನ್ಲೇ, ಹಲ್ಲ ತಿಕ್ಕಿದಂಗ ತಿಕ್ಕತಿ, ನಿಂದರ್ತಿ" ಎನ್ನುತ್ತಿದ್ದರು.

ಇನ್ನು ಬಿಸಿಲು. ಏಪ್ರಿಲ್, ಮೇ ಮದುವೆಗಳಲ್ಲಿ ತಗಡಿನ ಕೆಳಗೆ ನಿಂತರೆ ಹಾಡಿಗೊಮ್ಮೆ ಶ್ರುತಿ ಇಳಿಯುತ್ತದೆ. ನಾನು ಕಿವಿ ಹತ್ತಿರ ಹಿಡಿದು ತಿರುಪುತ್ತಿದ್ದರೆ ಸಾವುಕಾರರು ಮಂಟಪದ ಆ ತುದಿಯಿಂದ ಕೂಗುತ್ತಿದ್ದರು: "ಇದೇನಪಾ ದಿನಾ ರಿಪೇರಿ? ಮಾಸ್ತರ ಪೇಟಿ ಯಾವತ್ತರ ಹಿಂಗ ತಿರುವ್ಯಾರೇನ ನೋಡು!" ಗಿಟಾರು ಕೆಟ್ಟಿದೆ, ನಾನು ಮುಚ್ಚಿಡುತ್ತಿದ್ದೇನೆ ಎಂದೇ ಅವರ ನಂಬಿಕೆ. ತಂತಿ ಹರಿದರೆ ಹುಬ್ಬಳ್ಳಿಗೆ ಓಡಬೇಕು. ಒಮ್ಮೆ ಸೈಕಲ್ ಬ್ರೇಕ್ ತಂತಿಯ ಒಂದು ಎಳೆ ಬಿಡಿಸಿ ಕಟ್ಟಿದೆ. ಉಗುರು ಕಿತ್ತು ಬಂತು.

ಅವರ ಮನೆಯ ಖಂಡೇಪೂಜೆಯನ್ನಂತೂ ನಾನು ಸಾಯುವವರೆಗೆ ಮರೆಯುವುದಿಲ್ಲ. ನವರಾತ್ರಿಯಲ್ಲಿ ನೇಗಿಲ ಕುಡ, ಬಿತ್ತುವ ಕೂರಿಗೆ, ಹಂಡೆ, ಮೈಕು ಎಲ್ಲಕ್ಕೂ ಪೂಜೆ. ಗಿಟಾರನ್ನೂ ತಂದಿಡು ಎಂದರು, ಇಟ್ಟೆ. ಮರುದಿನ ಹೋದರೆ ಗಿಟಾರು ಅಂಗಳದ ಬಿಸಿಲಲ್ಲಿ ಬೋರಲು ಬಿದ್ದಿದೆ. ಸಾವುಕಾರರ ತಾಯಿ ಅದನ್ನು ಅಂಟವಾಳಕಾಯಿ ಹಚ್ಚಿ, ಒಳಗೂ ಹೊರಗೂ ನೀರು ಹೊಯ್ದು ತೊಳೆದಿದ್ದರು.

"ಎಷ್ಟ ಧೂಳ ಇತ್ತಪಾ ಒಳಗ!" ಎಂದರು ಆ ಅಜ್ಜಿ, ನನ್ನ ಮೇಲೆ ಉಪಕಾರ ಮಾಡಿದವರಂತೆ. "ನೀ ಗಂಡಸು, ನಿನಗೆಲ್ಲಿ ತಿಳೀಬೇಕು."

ತಂತಿಗಳನ್ನು ಹಿಡಿದಿಡುವ ಕೆಳಗಿನ ಪಟ್ಟಿ ಅಂಟು ಬಿಟ್ಟು ಕೈಗೆ ಬಂತು. ಅಳುವುದೊಂದೇ ಬಾಕಿ. ಆದರೆ ಅಜ್ಜಿ ಅದಕ್ಕೆ ಮೂರು ಬೆರಳ ವಿಭೂತಿಯನ್ನೂ ಹಚ್ಚಿ, ಹೂವನ್ನೂ ಏರಿಸಿದ್ದರು, ಏನೆಂದು ಬೈಯಲಿ? ಕೂರಿಗೆ ಮಾಡುವ ಬಡಿಗೇರನ ಹತ್ತಿರ ಒಯ್ದೆ. ಅವನು ಕೂರಿಗೆಯ ಎರಡು ಬೋಲ್ಟು ಜಡಿದು, ನಟ್ಟು ಬಿಗಿದು, "ಇನ್ನ ಎತ್ತ ಕಟ್ಟಿ ಎಳದ್ರೂ ಬರಂಗಿಲ್ಲ ನೋಡು" ಎಂದ. ಅವನ ಮಾತು ಖರೆಯಾಯಿತು. ಈಗಲೂ ಬಂದಿಲ್ಲ.

ಕುಬಿಹಾಳದ ಮದುವೆಯೊಂದರಲ್ಲಿ ಮಧ್ಯಾಹ್ನ ಕರೆಂಟು ಹೋಯಿತು. ಮೈಕುಗಳೆಲ್ಲ ಸತ್ತವು. ನನ್ನ ಎದೆ ಕುಣಿಯಿತು, ಇನ್ನು ನನ್ನ ಸರದಿ ಎಂದು ಪರೇರಾ ಸರ್ ಕಲಿಸಿದ್ದನ್ನು ಮೆಲ್ಲಗೆ ಶುರು ಮಾಡಿದೆ. ಜನ ಏನು ಮಾಡಿದರು? ಗದ್ದಲ ನಿಂತಿತೆಂದು ಖುಷಿಯಿಂದ ಒಬ್ಬರಿಗೊಬ್ಬರು ಗಟ್ಟಿಯಾಗಿ ಮಾತಾಡತೊಡಗಿದರು. ಎದುರಿಗಿದ್ದ ಒಬ್ಬರು, "ಯಪ್ಪಾ, ಸುಮ್ನ ಯಾಕ ನಿಂತಿ? ಜನರೇಟರ್ ಹಚ್ಚಾಕ ಹೇಳು ಹೋಗು" ಎಂದರು. ಆ ಸಿಟ್ಟಿಗೆ ಮುಂದಿನ ಮದುವೆಯಲ್ಲಿ ಜೋರು ಹಾಡುಗಳಿಗೆಲ್ಲ ತಂತಿಯನ್ನು ಮುಟ್ಟದೆಯೇ ಗಾಳಿಯಲ್ಲಿ ಕೈ ಬೀಸಿದೆ. ಇಳಿದು ಬಂದಾಗ ಸಾವುಕಾರರು ಬೆನ್ನು ತಟ್ಟಿದರು. "ಇವತ್ತ ಅಗದಿ ಛಲೋ ಬಾರಿಸಿದಿ ದಾವಲಾ. ಹಿಂಗ ಕೈ ಆಡಬೇಕು."

ಕಡೆಗೂ ಮೈಕು ಸಿಕ್ಕಿದ್ದು ತಿರ್ಲಾಪುರದಲ್ಲಿ. ಅದೂ ನನ್ನ ವಿದ್ಯೆಗಲ್ಲ, ತಬಲಾದವನ ಜ್ವರಕ್ಕೆ. ಅವನು ಬಂದಿರಲಿಲ್ಲ, ತಾಳಕ್ಕೆ ಬೇರೆ ದಾರಿಯಿರಲಿಲ್ಲ. ಸಾವುಕಾರರು ಒಲ್ಲದ ಮನಸ್ಸಿನಿಂದ ತಬಲಾದ ಮೈಕನ್ನು ನನ್ನ ಮುಂದಿಟ್ಟರು. ಮೊದಲ ಹಾಡಿಗೆ ತಾಳ ಕೊಟ್ಟು, ಎರಡನೆಯದರ ನಡುವೆ ಬೆರಳಿನ ಕೆಲಸ ತೋರಿಸಬೇಕೆಂದು ಲೆಕ್ಕ ಹಾಕಿಕೊಂಡಿದ್ದೆ.

ನಮ್ಮ ಕಡೆಯ ಮದುವೆಗಳಲ್ಲಿ ಆಯೇರಿ ಎಂದು ಉಡುಗೊರೆ ಕೊಡುತ್ತಾರೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಬೇಕು. ಹೆಸರು ಕೂಗದಿದ್ದರೆ ಉಡುಗೊರೆ ಕೊಟ್ಟೂ ಕೊಟ್ಟಂತಲ್ಲ. ಹಾಡುವವನೇ ಹಾಡಿನ ಮಧ್ಯೆ ಚೀಟಿ ಓದುತ್ತಿದ್ದ. ಅವತ್ತು ಎರಡನೆಯ ಹಾಡು ಶುರುವಾಗುತ್ತಲೇ ಮದುಮಗಳ ಸೋದರಮಾವ ಫಕ್ಕೀರಗೌಡರು ವೇದಿಕೆ ಹತ್ತಿದರು. ಕೈಯಲ್ಲಿ ಲಗ್ನಪತ್ರಿಕೆ ಹರಿದು ಮಾಡಿದ ದಪ್ಪ ಚೀಟಿ, ತುದಿಗೆ ಅರಿಶಿನ. ಹಾಡುವವನು ಕಣ್ಣು ಮುಚ್ಚಿ ಹಾಡುತ್ತಿದ್ದಾನೆ, ಮಾಸ್ತರ ಎರಡೂ ಕೈ ಪೇಟಿಯ ಮೇಲಿವೆ. ನಾನೊಬ್ಬ ಬಿಡುವಾಗಿದ್ದಂತೆ ಗೌಡರಿಗೆ ಕಂಡಿರಬೇಕು.

"ಹಿಡಿ ತಮ್ಮಾ. ಕಳೀಬ್ಯಾಡ" ಎಂದು, ಕೈಗಡಿಯಾರದ ಪಟ್ಟಿಗೆ ಬಸ್ ಟಿಕೀಟು ಸಿಕ್ಕಿಸಿದಂತೆ ಆ ಚೀಟಿಯನ್ನು ಗಿಟಾರಿನ ತಂತಿಗಳ ಸಂದಿಯಲ್ಲಿ ಮೇಲೊಮ್ಮೆ ಕೆಳಗೊಮ್ಮೆ ಹಾಯಿಸಿ ಸಿಕ್ಕಿಸಿದರು. "ಓದೂತನಾ ನಾ ಇಲ್ಲೇ ನಿಂತಿರ್ತೇನಿ."

ನಿಂತೇ ನಿಂತರು, ಎದೆಯ ಮೇಲೆ ಕೈಕಟ್ಟಿ, ಚೀಟಿಯ ಮೇಲೆ ಕಣ್ಣಿಟ್ಟು. ತೆಗೆದು ಕೆಳಗಿಟ್ಟರೆ ಸೋದರಮಾವನಿಗೆ ಅವಮಾನ, ಮದುವೆಯೇ ಮುರಿದೀತು. ಹಾಗೆಯೇ ಕೈ ಬೀಸಿದೆ. ಸ್ವರ ಸತ್ತುಹೋಗಿತ್ತು. ಅದರ ಬದಲು ಮೈಕಿನಲ್ಲಿ "ಚರ್ ಚಕ್ಕ, ಚರ್ ಚಕ್ಕ" ಎಂಬ ಸದ್ದು ಊರಿಗೆಲ್ಲ ಕೇಳುವಂತೆ ಹೊರಟಿತು. ಇಷ್ಟು ವರ್ಷ ಕಾದು ಸಿಕ್ಕಿದ ಮೈಕಿನಲ್ಲಿ ಇದು! ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಆದರೆ ಊಟದ ಪಂಕ್ತಿಯಲ್ಲಿದ್ದವರು ತುತ್ತು ಹಿಡಿದೇ ತಿರುಗಿ ನೋಡಿದರು. ಮಕ್ಕಳು ಕುಣಿಯತೊಡಗಿದರು. ಹಾಡು ಮುಗಿದಾಗ "ವನ್ಸ್ ಮೋರ್" ಎಂಬ ಕೂಗು. ಗೌಡರು ಹೆಸರು ಕೂಗಿಸಿಕೊಂಡು ಇಳಿಯುವಾಗ ನನ್ನ ಭುಜ ಹಿಡಿದು, "ನನ್ನ ಚೀಟಿ ಇಟ್ಟ ಮ್ಯಾಲೆ ನಿನ್ನ ಕೈ ತಿರಿಗಿತ ನೋಡು" ಎಂದರು.

ಮರುದಿನ ಸಾವುಕಾರರು ಹಳೆಯ ಲಗ್ನಪತ್ರಿಕೆಗಳ ಒಂದು ಕಟ್ಟನ್ನೇ ನನ್ನ ಕೈಗಿಟ್ಟರು. ತಬಲಾದವನು ವಾಪಸು ಬಂದ ಮೇಲೂ ನನಗೆಂದು ಬೇರೆ ಮೈಕು ತಂದರು. ಷರತ್ತು ಒಂದೇ, ಚೀಟಿ ಇರಬೇಕು. "ಚೀಟಿ ತಗದಿ ಅಂದ್ರ ಮೈಕ್ ಹೋತು ನೋಡು." ಹಟ ಹಿಡಿದು ಬೇಡಿದ್ದು ಹೀಗೆ ಕೈಗೆ ಬಂತು. ಯಾವ ಯಾವ ಊರಿನ ಯಾರ ಯಾರ ಮದುವೆಯ ಕರೆಯೋಲೆಗಳು ನನ್ನ ತಂತಿಯ ಕೆಳಗೆ ಸವೆದವೋ. "ಚರ್‌ಚಕ್ಕ ದಾವಲಾ ಬರ್ತಾನೇನ್ರಿ?" ಎಂದು ಕೇಳಿ ಪಾರ್ಟಿಯನ್ನು ಗೊತ್ತು ಮಾಡುವವರು ಹೆಚ್ಚಿದರು. ಎಲ್ಲರಿಗೂ ನಾನು ಕೇಳಿಸುತ್ತಿದ್ದೆ, ಆದರೆ ಕೇಳಿಸುತ್ತಿದ್ದದ್ದು ನಾನಲ್ಲ. ಹೆಂಡತಿಗೆ ಹೇಳಿದರೆ, "ಮಂದಿ ಖುಷಿ ಅದಾರಲ್ರಿ, ನಿಮಗೇನ ಬ್ಯಾನಿ?" ಎಂದಳು. ನಾನು ಮರುದಿನದ ಮದುವೆಗೆ ಚೀಟಿ ಹರಿಯುತ್ತ ಕೂತೆ.

ಪಾರ್ಟಿಯ ಕೊನೆಯ ಹಾಡು ಯಾವಾಗಲೂ ಹೆಣ್ಣೊಪ್ಪಿಸುವ ಹೊತ್ತಿನದು. ಮದುಮಗಳ ಕೈಯನ್ನು ಅತ್ತೆಯ ಕೈಗೆ ಕೊಡುತ್ತಾರೆ, ಎಲ್ಲರೂ ಅಳುತ್ತಾರೆ. ಆಗ ತಬಲಾ ಬಾರಿಸುವುದಿಲ್ಲ. ಮಾಸ್ತರು ಒಬ್ಬರೇ ಪೇಟಿಯಲ್ಲಿ ನಿಧಾನವಾಗಿ ನುಡಿಸುತ್ತಿದ್ದರು, ಅವರ ಬಾಜೂಕ್ಕೆ ಸ್ಟೂಲಿನ ಮೇಲೆ ಕೂತು ನಾನು ಬೆರಳಿನಲ್ಲಿ ಮೀಟುತ್ತಿದ್ದೆ. ಮೈಕಿಲ್ಲದ ದಿನಗಳಲ್ಲೂ ಅದೊಂದನ್ನು ಬಿಟ್ಟಿರಲಿಲ್ಲ, ನನ್ನ ಸಮಾಧಾನಕ್ಕೆ. ಈಗ ಅದಕ್ಕೂ ಚೀಟಿ ಬಂತು. ಮೀಟಿದರೆ "ಟಕ್ ಟಕ್" ಎನ್ನುವುದು, ಸ್ವರ ನಿಲ್ಲದು. ಅಳುವ ಹೊತ್ತಿಗೆ ಯಾರೋ ಬಾಗಿಲು ಬಡಿದಂತೆ. ವಿಚಿತ್ರವೆಂದರೆ ಮಾಸ್ತರೂ ಆ ಹಾಡಿನಲ್ಲಿ ತಡವರಿಸತೊಡಗಿದರು. ಒಮ್ಮೆ ಓಡುವರು, ಒಮ್ಮೆ ಎಳೆಯುವರು. ವಯಸ್ಸಾಯಿತು ಎಂದುಕೊಂಡೆ.

ಮಿಶ್ರಿಕೋಟಿಯ ಮದುವೆ ಮುಗಿಸಿ ಊಟಕ್ಕೆ ಕೂತಾಗ ಅವರು ತಾಟನ್ನು ಸರಿಸಿ ನನ್ನ ಕಡೆ ತಿರುಗಿದರು.

"ಲೇ ದಾವಲಾ, ಒಪ್ಪಸೂ ಹಾಡಿನ್ಯಾಗ ಆ ಹಾಳ ಚೀಟಿ ತಗೀಲೇ. ನಿನ್ನ ಹೆಬ್ಬಟ್ಟ ಕೇಳಸಲಿಲ್ಲಂದ್ರ ನನಗ ಲಯಾ ಸಿಗಂಗಿಲ್ಲ."

ನನ್ನ ಕೈಯಲ್ಲಿನ ರೊಟ್ಟಿ ಅಲ್ಲೇ ಉಳಿಯಿತು. "ನಿಮಗ ನನ್ನ ಗಿಟಾರ ಕೇಳಸ್ತಿತ್ತೇನ್ರಿ ಮಾಸ್ತರ?"

"ಬಾಜೂಕ ಕುಂತೇನಿ. ಕಿವುಡೇನಲೇ ನಾ?"

"ಮತ್ತ ಇಷ್ಟ ವರ್ಷ ಒಂದ ಮಾತ ಹೇಳಲಿಲ್ಲಲ್ರಿ!"

"ಬರೊಬ್ಬರಿ ಇದ್ದದ್ದಕ್ಕ ಏನ್ ಹೇಳೂದು?" ಎಂದು ಅವರು ತಾಟನ್ನು ಮತ್ತೆ ಎಳೆದುಕೊಂಡು ಬದನೆಕಾಯಿ ಪಲ್ಯಕ್ಕೆ ಕೈಹಾಕಿದರು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಊರೂರು ಅಲೆದು, ಯಾರಾದರೂ ಕೇಳಲಿ ಎಂದು ಒದ್ದಾಡಿದ್ದೇನೆ. ಕೇಳುತ್ತಿದ್ದ ಮನುಷ್ಯ ಮಗ್ಗುಲಲ್ಲೇ ಕೂತು ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ! ಒಂದು ಸಲ, ಒಂದೇ ಸಲ ಹೇಳಿದ್ದರೆ ಅವರ ಗಂಟು ಹೋಗುತ್ತಿತ್ತೇ? ಎದ್ದು ಹೋಗಿ ಟ್ರೇಲರಿನಲ್ಲಿ ಹಂಡೆಗೆ ಒರಗಿ ಕೂತೆ. ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟಿನದೇ ಎಂದು ಆಗ ಅಂದುಕೊಂಡೆ.

ಮುಂದಿನ ಮದುವೆ ಕುಂದಗೋಳದ ಹತ್ತಿರ. ಸಂಜೆಯ ಬಿಸಿಲಿಗೆ ಹೆಣ್ಣೊಪ್ಪಿಸಲು ನಿಂತರು. ತಬಲಾದವನು ಕೈ ಒರೆಸಿಕೊಂಡು ಹಿಂದೆ ಸರಿದ. ನಾನು ತಂತಿಗಳ ಸಂದಿಯಿಂದ ಚೀಟಿ ಎಳೆದೆ. ಬರೀ ಅಷ್ಟು ಮಾಡಿದ್ದರೆ ಸಾಕಿತ್ತು, ಆದರೆ ಈ ಹಾಡಿನಲ್ಲಿ ಪ್ರತಿ ಸಲವೂ ಪೇಟಿಯ ಸ್ವರ ನನ್ನ ಮೈಕಿಗೂ ನುಗ್ಗಿ ಎರಡೆರಡಾಗಿ ಕೇಳುತ್ತಿತ್ತು. ಮೈಕಿನ ಕತ್ತು ಹಿಡಿದು ಆಚೆ ತಿರುಗಿಸಿದೆ. ಹಂಡೆಗಳ ಹತ್ತಿರ ನಿಂತಿದ್ದ ಸಾವುಕಾರರು ಅದನ್ನು ನೋಡಿದರು. ಎರಡೂ ಕೈ ಮೇಲೆತ್ತಿ, ಹೋತು, ಹೋತು ಎಂದು ಸನ್ನೆ ಮಾಡಿದರು. ಹೋಗಲಿ ಎಂದು ತಲೆಯಾಡಿಸಿದೆ.

ಮಾಸ್ತರು ಪೇಟಿಯ ತಿದಿ ಒತ್ತಿದರು. ನಾನು ಹೆಬ್ಬೆರಳು ಇಟ್ಟೆ. ಹೆಂಗಸರ ಅಳುವಿನಲ್ಲಿ ನನ್ನ ಸ್ವರ ಸ್ಟೂಲಿನಿಂದಾಚೆ ಹೋಗುತ್ತಿರಲಿಲ್ಲ. ಒಂದು ಚರಣ ಮುಗಿಯಿತು. ಮಾಸ್ತರು ಕಣ್ಣು ತೆರೆಯದೆ, ಪೇಟಿಯಿಂದ ಕೈಯನ್ನೂ ತೆಗೆಯದೆ, ನನ್ನ ಕಡೆ ಸ್ವಲ್ಪ ವಾಲಿದರು.

"ಹೆಬ್ಬಟ್ಟ ಭಾರ ಬೀಳಾಕತ್ತೈತಿ. ಹಗರ ಮಾಡಲೇ."

ಪರೇರಾ ಸರ್ ಹೋದ ಮೇಲೆ ನನ್ನ ಬೆರಳು ಕೇಳಿ ತಪ್ಪು ಹಿಡಿದ ಮೊದಲ ಮನುಷ್ಯ. ನಾನು ಹಗುರ ಮಾಡಿದೆ.